ಐವತ್ತೆಂಟು ಕಿಲೋ ಪ್ರಮಾಣಿತ ಭಾರ

ಹೊಸದಾಗಿ ಕೊಳ್ಳಲಿರುವ ಆಂಬುಲೆನ್ಸಿಗೆ ಯಾವ ಎಂಜಿನ್ ಸೂಕ್ತವೆಂದು ತೀರ್ಮಾನವಾಗುವವರೆಗೆ ಯಾರೂ ಕಾಯಿಲೆ ಬೀಳಬಾರದೆಂಬ ನಿಯಮ ನಮ್ಮ ಪಂಚಾಯತಿನಲ್ಲಿಲ್ಲ. ಆದ್ದರಿಂದ 2017ರಲ್ಲಿ ಮೈಮೂನಾ ಅವರ ಎರಡೂ ಕಿಡ್ನಿ ಕೈಕೊಟ್ಟದ್ದು ಸಂಪೂರ್ಣ ಕ್ರಮಬದ್ಧವಾಗಿತ್ತು. ಅವರು ವಾರಕ್ಕೆ ಮೂರು ಸಲ ಎರಡು ಬಸ್ಸು ಬದಲಿಸಿ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದರು. ವಾಪಸು ಬರುವಾಗ ಕಣ್ಣಿಗೆ ಕತ್ತಲೆ ಬಂದು ಎರಡು ಸಲ ಬಸ್ಸಿನಲ್ಲೇ ಬಿದ್ದಿದ್ದರು. ಬಿದ್ದದ್ದು ಪಂಚಾಯತ್ ಗಡಿಯ ಹೊರಗಾದ್ದರಿಂದ ದಾಖಲಾಗಿಲ್ಲ.

ಎಂಜಿನ್ ತೀರ್ಮಾನಕ್ಕೆ ಇಬ್ಬರು ತಜ್ಞರ ಸಮಿತಿ ನೇಮಕವಾಯಿತು. ಶಾರ್ಜಾದ ಗ್ಯಾರೇಜಿನಲ್ಲಿ ಕಾರುಗಳ ವೇಗ ಹೆಚ್ಚಿಸುವ ಕೆಲಸ ಮಾಡಿ ಬಂದ ಉನೈಸ್, ಗಾಳಿ ಒತ್ತಿ ಬಲ ಹೆಚ್ಚಿಸುವ ಸಣ್ಣ ಟರ್ಬೊ ಎಂಜಿನ್ ಪರ. ಮೂವತ್ತು ವರ್ಷ ಜೀಪು ಬಿಚ್ಚಿ ಕಟ್ಟಿದ ಹರ್ಬರ್ಟ್ ದೊಡ್ಡ ಎಂಜಿನ್ ಪರ.

"ಸಾವಿರದಿನ್ನೂರು ಸಿಸಿ ಸಾಕು ಹರ್ಬರ್ಟಣ್ಣ. ಲ್ಯಾಪ್‌ಟಾಪ್ ಸಿಕ್ಕಿಸಿ ಒಂದು ಗಂಟೆ ಕೂತರೆ ಮೂವತ್ತು ಕುದುರೆ ಶಕ್ತಿ ಹೆಚ್ಚು ಬರ್ತದೆ" ಎಂದ ಉನೈಸ್.

"ನಿನ್ನ ಟರ್ಬೊ ಉಸಿರು ಎಳೆದುಕೊಳ್ಳುವಷ್ಟರಲ್ಲಿ ರೋಗಿ ಉಸಿರು ಬಿಟ್ಟಿರ್ತಾನೆ ಮಾರಾಯ. ನನ್ನದು ಎರಡೂವರೆ ಲೀಟರ್. ಸೈಲೆನ್ಸರ್ ಅಗಲ ಮಾಡಿದ್ರೆ ಮುಗೀತು, ಕಾಲಿಟ್ಟ ಕೂಡ್ಲೆ ಎಳೀತದೆ."

ಪರೀಕ್ಷೆಯಲ್ಲಿ ರೋಗಿಗೆ ಸಮನಾದ ಭಾರ ಹೇರತಕ್ಕದ್ದು ಎಂದು ಕಾರ್ಯದರ್ಶಿ ಸೌದಾಮಿನಿ ಸೂಚಿಸಿದರು. ರೋಗಿಗೆ ಅತ್ಯಂತ ಸಮನಾದದ್ದು ರೋಗಿಯೇ ಎಂದು ಸಮಿತಿ ಕಂಡುಕೊಂಡಿತು. ಮೈಮೂನಾ ಪ್ರಮಾಣಿತ ಭಾರವಾಗಿ ಆಯ್ಕೆಯಾದರು. ಹೋಗುವಾಗ ಉನೈಸನ ಕಾರು, ಬರುವಾಗ ಹರ್ಬರ್ಟರ ಜೀಪು. ಆ ಮೂರು ತಿಂಗಳು ಅವರು ಒಮ್ಮೆಯೂ ಬೀಳಲಿಲ್ಲ. ಪರೀಕ್ಷೆ ಮುಗಿದೀತೆಂಬ ಹೆದರಿಕೆಯೊಂದೇ ಅವರಿಗೆ ಉಳಿದಿದ್ದ ತೊಂದರೆ.

ಫಲಿತಾಂಶದಲ್ಲಿ ದೊಡ್ಡ ಎಂಜಿನ್ ನಾಲ್ಕು ನಿಮಿಷ ಮುಂದಿತ್ತು. ಉನೈಸ್ ಲಿಖಿತ ಆಕ್ಷೇಪಣೆ ಸಲ್ಲಿಸಿದ. ಆಸ್ಪತ್ರೆಯ ಚೀಟಿಯಂತೆ ಮೈಮೂನಾ ಹೋಗುವಾಗ ಐವತ್ತೆಂಟು ಕಿಲೋ. ಯಂತ್ರ ಮೈಯ ನೀರು ತೆಗೆದ ಮೇಲೆ ಐವತ್ತೈದೂವರೆ. ಹಗುರ ಮೈಮೂನಾ ಹರ್ಬರ್ಟರಿಗೆ, ಭಾರದ ಮೈಮೂನಾ ತನಗೆ, ಇದು ಯಾವ ನ್ಯಾಯ? ವಾಹನಗಳನ್ನು ಅದಲುಬದಲು ಮಾಡಬಹುದಿತ್ತು. ಅರ್ಜಿಯಲ್ಲಿ ಯಾರೂ ಹಾಗೆ ಕೋರಿರಲಿಲ್ಲ.

ಆಡಿಟ್‌ನವರು ಬಂದು, ತೂಕ ಬದಲಾಗುವ ವ್ಯಕ್ತಿಯನ್ನು ಕೈಬಿಟ್ಟು ಮರುಪರೀಕ್ಷೆಗೆ ಐವತ್ತೆಂಟು ಕಿಲೋ ಮರಳಿನ ಚೀಲ ಬಳಸತಕ್ಕದ್ದು ಎಂದು ಬರೆದು ಹೋದರು.

"ನನ್ನನ್ನು ಬಿಟ್ಟು ಹೊಯ್ಗೆ ಚೀಲವನ್ನು ಆಸ್ಪತ್ರೆಗೆ ಕೊಂಡೋಗುವುದಾ ಮೇಡಂ?" ಎಂದು ಮೈಮೂನಾ ಸೌದಾಮಿನಿಯವರನ್ನು ಕೇಳಿದರು.

"ಹೊಯ್ಗೆಯ ತೂಕ ಬದಲಾಗುವುದಿಲ್ಲ ನೋಡಿ."

"ಬಸ್ಸಿನಲ್ಲಿ ಇನ್ನು ನನ್ನಿಂದ ಆಗುವುದಿಲ್ಲ."

ಸೌದಾಮಿನಿ ಕಲ್ಲುಹೃದಯದವರಲ್ಲ. ಕಡತದ ಹಾಳೆ ಮಗುಚಿದರು. ಮರಳು ತೆಗೆದು ಸಾಗಿಸಲು ಸರಕಾರದ ಪಾಸ್ ಬೇಕು, ಪಾಸಿಗೆ ಹೊಳೆಯಲ್ಲಿ ಮರಳಿರಬೇಕು, ಹೊಳೆಯಲ್ಲಿ ಮರಳಿರಲಿಲ್ಲ. ಅಂದೇ ಆದೇಶ ಹೊರಟಿತು: "ಪಾಸ್ ದೊರೆಯುವವರೆಗೆ ಶ್ರೀಮತಿ ಮೈಮೂನಾ ಅವರನ್ನು ಐವತ್ತೆಂಟು ಕಿಲೋ ಮರಳೆಂದು ಪರಿಗಣಿಸತಕ್ಕದ್ದು. ಪ್ರಯಾಣದಲ್ಲಿ ಸದರಿ ಮರಳು ಮಾತಾಡತಕ್ಕದ್ದಲ್ಲ."

ಮರುದಿನ ಗಡಿಯ ತಪಾಸಣೆಯಲ್ಲಿ ಪೊಲೀಸ್ ಮಹಾಬಲ ಕಾರು ನಿಲ್ಲಿಸಿ, ಗಾಜಿಗೆ ಅಂಟಿಸಿದ್ದ ಆದೇಶವನ್ನು ಎರಡು ಸಲ ಓದಿದರು.

"ಹೊಯ್ಗೆಗೆ ಪಾಸ್ ಎಲ್ಲಿ?"

"ಪಾಸ್ ಸಿಕ್ಕಿದ್ರೆ ಇವರು ಹೊಯ್ಗೆ ಆಗ್ತಿರ್ಲಿಲ್ಲ ಸಾರ್" ಎಂದ ಉನೈಸ್.

"ಹಾಗಾದ್ರೆ ಇದು ಮನುಷ್ಯರು ಅಂತ ಬರೆದುಕೊಡು, ಬಿಡ್ತೇನೆ."

ಹಾಗೆ ಬರೆದರೆ ನಾಳೆಯಿಂದ ಕಾರಿಲ್ಲ. ಬರೆಯದಿದ್ದರೆ ಇಂದು ಡಯಾಲಿಸಿಸ್ ಇಲ್ಲ. ಮೈಮೂನಾರ ಕಾಲು ನೀರು ತುಂಬಿ ಊದಿತ್ತು, ಏದುಸಿರು ಬರುತ್ತಿತ್ತು. ಅವರು ನಿಯಮ ಮೀರಿ ಗಾಜು ಇಳಿಸಿದರು.

"ಬರೆಯಬೇಡ ಉನೈಸ್. ನಾನು ಹೊಯ್ಗೆಯೇ ಸಾರ್. ಆದರೆ ಈಗ ಒದ್ದೆ ಉಂಟು. ಒದ್ದೆಯಲ್ಲಿ ತೂಗಿ ಕೇಸು ಹಾಕಿದ್ರೆ ಕೋರ್ಟಿನಲ್ಲಿ ತೂಕ ಕಡಿಮೆ ಬರ್ತದೆ. ಮಂಗಳೂರಲ್ಲಿ ನೀರು ತೆಗೆಸಿ ತರ್ತೇವೆ. ಸಂಜೆ ತೂಗಿ."

ಒದ್ದೆ ಹೊಯ್ಗೆಯ ಒಂದು ಕೇಸು ಮೊದಲೇ ಸೋತಿದ್ದ ಮಹಾಬಲರಿಗೆ ಈ ಮಾತು ಸರಿಯೆನಿಸಿತು. ಸಂಜೆ ಹರ್ಬರ್ಟರ ಜೀಪು ನಿಲ್ಲಿಸಿ, ನಿದ್ದೆಗಣ್ಣಿನ ಮೈಮೂನಾರನ್ನು ತಕ್ಕಡಿಯ ಮೇಲೆ ಕೂರಿಸಿದರು. ಆದೇಶದಲ್ಲಿದ್ದ ಐವತ್ತೆಂಟಕ್ಕಿಂತ ಎರಡೂವರೆ ಕಿಲೋ ಕಡಿಮೆ. ದಾರಿಯಲ್ಲಿ ಮರಳು ಕಳವಾಗಿದೆಯೆಂದು ಅಪರಿಚಿತರ ವಿರುದ್ಧ ಪ್ರಕರಣ ದಾಖಲಾಯಿತು.

ಈಗ ವಾರಕ್ಕೆ ಏಳೂವರೆ ಕಿಲೋ ಮರಳು ಕಳವಾಗುತ್ತಿದೆ. ತನಿಖೆ ಮುಗಿಯುವವರೆಗೆ ಉಳಿದ ಮರಳನ್ನು ಅದೇ ದಿನಗಳಲ್ಲಿ, ಅದೇ ದಾರಿಯಲ್ಲಿ, ಅದೇ ಎರಡು ಎಂಜಿನ್‌ಗಳಲ್ಲಿ ಸಾಗಿಸತಕ್ಕದ್ದೆಂದು ಆದೇಶವಾಗಿದೆ. ಕಳ್ಳರು ಸಿಗದಿರಲೆಂದು ಮೈಮೂನಾ ಪ್ರತಿ ಶುಕ್ರವಾರ ಪ್ರಾರ್ಥಿಸುತ್ತಾರೆ. ಕಳ್ಳರು ಸಿಗುವ ಲಕ್ಷಣವೂ ಇಲ್ಲ. ಎಂಜಿನ್ ವರದಿಯನ್ನು ಯಾರೂ ಕೇಳುತ್ತಿಲ್ಲ. ಮೈಮೂನಾ ಬದುಕಿದ್ದಾರೆ. ಪಂಚಾಯತಿನ ಯಾವ ಕಡತದಲ್ಲೂ ಅದರ ಉಲ್ಲೇಖವಿಲ್ಲ.