ಅಣ್ಣನ ಮೂರು ಗಂಟೆ

ಇಡೀ ಕೊಪ್ಪ ತಾಲ್ಲೂಕಿನಲ್ಲಿ ಎಲ್ಲರಿಗಿಂತ ಆರು ಗಂಟೆ ಹಿಂದೆ ಬದುಕುತ್ತಿದ್ದ ಮನುಷ್ಯ ಒಬ್ಬನೇ ಒಬ್ಬ. ಅವನು ನನ್ನ ಅಣ್ಣ! ಬೆಳಿಗ್ಗೆ ಎಂಟಕ್ಕೆ ಅವನನ್ನು ನಿಲ್ಲಿಸಿ ಟೈಮ್ ಕೇಳಿದರೆ ಕೈಗಡಿಯಾರ ನೋಡಿ, ಒಂದಿಷ್ಟೂ ನಗದೆ, "ಎರಡು" ಎನ್ನುತ್ತಿದ್ದ. ಕುಡಿದವನಲ್ಲ, ತಲೆ ಕೆಟ್ಟವನೂ ಅಲ್ಲ. ಇಥಿಯೋಪಿಯಾಕ್ಕೆ ಹೋಗಿ ಬಂದವನು, ಅಷ್ಟೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕೊಪ್ಪ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದೇನೆ. ಇಥಿಯೋಪಿಯಾ ಎಂಬ ದೇಶ ಆಫ್ರಿಕದಲ್ಲಿದೆ ಎಂದು ನನಗೆ ಗೊತ್ತಾದದ್ದೇ ಎರಡು ಸಾವಿರದ ಆರರಲ್ಲಿ. ಶೃಂಗೇರಿಯಲ್ಲಿ ಮದುವೆ ಮುಂಜಿಗಳ ಅಡುಗೆ ಮಾಡಿಕೊಂಡಿದ್ದ ಅಣ್ಣ ಆಗ ಆ ದೇಶದ ಒಂದು ಗುಲಾಬಿ ತೋಟಕ್ಕೆ ಅಡುಗೆಯವನಾಗಿ ಹೊರಟ. ತೋಟ ನೋಡಿಕೊಳ್ಳಲು ಹೋಗಿದ್ದ ನಮ್ಮ ಕಡೆಯವರಿಗೆ ಅನ್ನ ಸಾರಿಲ್ಲದೆ ನಿದ್ದೆ ಬರುತ್ತಿರಲಿಲ್ಲವಂತೆ.

ಎರಡು ವರ್ಷ ಬಿಟ್ಟು ವಾಪಸ್ ಬಂದು ಮತ್ತೆ ಶೃಂಗೇರಿಯ ಅಡುಗೆಗೇ ನಿಂತ, ಬಿಡುವಾದಾಗಲೆಲ್ಲ ಕೊಪ್ಪಕ್ಕೆ ಬರುತ್ತಿದ್ದ. ತಂದದ್ದು ಒಂದು ಬಿಳಿ ಶಾಲು, ಒಂದು ಗಡಿಯಾರ. ಮಿಕ್ಕಿದ್ದೆಲ್ಲ ಮಾತು!

ಅಲ್ಲಿ ಹೊತ್ತು ಹುಟ್ಟಿದ ಮೇಲೆ ಗಂಟೆ ಎಣಿಸುತ್ತಾರಂತೆ. ನಮ್ಮ ಬೆಳಗಿನ ಏಳು ಅವರಿಗೆ ಒಂದು. "ಎಲ್ಲರೂ ಗೊರಕೆ ಹೊಡೀತಿರುವಾಗ ದಿನ ಶುರು ಆಗ್ತದೆ ಅಂದ್ರೆ ಅದೆಂತ ನ್ಯಾಯ ಮಾರಾಯ್ತಿ? ಅವ್ರ ಲೆಕ್ಕವೇ ಸರಿ" ಎಂದು ಗಡಿಯಾರದ ಮುಳ್ಳನ್ನು ಇಲ್ಲಿನ ಸೂರ್ಯನಿಗೆ ತಕ್ಕಂತೆ ಅದೇ ಲೆಕ್ಕಕ್ಕೆ ತಿರುಗಿಸಿಕೊಂಡ. ಅವರ ಪಂಚಾಂಗವೂ ನಮಗಿಂತ ಏಳೆಂಟು ವರ್ಷ ಹಿಂದೆ. ಹೋಗುವಾಗ ನಲವತ್ತಾರರವನು ಬಂದ ಮೇಲೆ ನಲವತ್ತು ಎನ್ನತೊಡಗಿದ. "ತಲೆ ಮಾತ್ರ ಇಲ್ಲಿನ ಪಂಚಾಂಗದ ಪ್ರಕಾರವೇ ಬೆಳ್ಳಗಾಗಿದೆಯಲ್ಲ ಅಣ್ಣ?" ಎಂದು ನಾನು ಕೇಳಿದರೆ ಬಸ್ ಸ್ಟ್ಯಾಂಡೇ ನಗುತ್ತಿತ್ತು.

ರಜೆ ಸಿಕ್ಕಿದಾಗಲೆಲ್ಲ ತೋಟದವರ ಜೊತೆ ಊರು ಸುತ್ತಿದ್ದ. ಅವನ ದೊಡ್ಡ ಕಥೆ ಲಾಲಿಬೆಲ ಎಂಬ ಊರಿನದು. ಅಲ್ಲಿ ಏಸುವಿನ ಹನ್ನೊಂದು ಗುಡಿಗಳಿವೆ, ಅವನ್ನು ಕಟ್ಟಿಲ್ಲ, ಅಗೆದಿದ್ದಾರೆ. ನೆಲದ ಬಂಡೆಯನ್ನು ಸುತ್ತಲೂ ಕಡಿದು, ಒಳಗೂ ಕೊರೆದು, ಗುಡಿಯನ್ನು ಮಾತ್ರ ಉಳಿಸಿದ್ದಾರೆ. ಮೊದಲು ಕಾಣುವುದು ಗುಡಿಯ ನೆತ್ತಿಯ ಮಾಡು, ಬಾಗಿಲಿಗೆ ಕೆಳಗಿಳಿದು ಹೋಗಬೇಕು.

"ಶೃಂಗೇರಿಲಿ ಕಲ್ಲಿನ ಮೇಲೆ ಕಲ್ಲಿಟ್ಟು ಗುಡಿ ಮಾಡಿದ್ರು. ಅವ್ರು ಗುಡಿ ಅಲ್ಲದ ಕಲ್ಲನ್ನೆಲ್ಲ ತೆಗೆದು ಹಾಕಿದ್ರು" ಎಂದು ಬಸ್ ಸ್ಟ್ಯಾಂಡಿನ ಹೋಟೆಲಿನ ಶೇಷಣ್ಣನಿಗೆ ಹೇಳುತ್ತಿದ್ದ.

"ಮಳೆ ಬಂದ್ರೆ ಎಂತ ಮಾಡ್ತಾರೆ ಮಾರಾಯ? ದೇವ್ರಿಗೆ ಈಜು ಬರ್ತದಾ?"

"ನೀರು ಹೋಗಲಿಕ್ಕೆ ಕಾಲುವೆ ಕಡಿದಿದ್ದಾರೆ. ನಿನ್ನ ಹೋಟೆಲಿನ ಬಚ್ಚಲಿಗಿಂತ ಚೆಂದ ಹರೀತದೆ!"

ಬಿಳಿ ಶಾಲು ಹೊದ್ದ ಜನ ಚಪ್ಪಲಿ ಬಿಟ್ಟು ಬಾಗಿಲಿಗೆ ಮುತ್ತಿಟ್ಟು ಒಳಗೆ ಹೋಗುತ್ತಾರಂತೆ. ಪೂಜಾರಿಗಳು ಉದ್ದದ ಕೋಲು ಹಿಡಿದು, ನಗಾರಿ ಬಾರಿಸುತ್ತ ತೂಗಾಡಿ ಹಾಡುತ್ತಾರಂತೆ. ಅರ್ಥ ಗೊತ್ತಿಲ್ಲದಿದ್ದರೂ ಅಣ್ಣ ಮೂಲೆಯಲ್ಲಿ ನಿಂತು ಅತ್ತನಂತೆ. ಅದು ಭಕ್ತಿಯೋ, ಹೊರಗೆ ಬಿಟ್ಟ ಹೊಸ ಚಪ್ಪಲಿಯ ಚಿಂತೆಯೋ ಎಂದು ನಾನು ಕೇಳಿದ್ದೆ.

ರಾಜಧಾನಿಯ ಮ್ಯೂಸಿಯಮ್ಮಿನಲ್ಲಿ ಮೂವತ್ತು ಲಕ್ಷ ವರ್ಷದ ಹಿಂದಿನ ಒಬ್ಬ ಹೆಂಗಸಿನ ಮೂಳೆ ನೋಡಿದ್ದ. ಮೂರೂವರೆ ಅಡಿಯವಳು. "ನಮಗೆಲ್ಲ ಅಜ್ಜಿ ಕಣೇ ಅವಳು" ಎಂದ. "ಹಾಗಾದ್ರೆ ಶ್ರಾದ್ಧ ಯಾವತ್ತು?" ಎಂದೆ. ಅಲ್ಲಿ ಮನೆಗೆ ಬಂದವರ ಎದುರೇ ಕಾಫಿ ಬೀಜ ಹುರಿದು, ಹೊಗೆಯನ್ನು ಮೂಗಿನ ಹತ್ತಿರ ಹಿಡಿದು, ಮೂರು ಸಲ ಕಾಫಿ ಕೊಡುವ ಪದ್ಧತಿ. ಅದನ್ನು ಕೇಳಿದ ಶೇಷಣ್ಣ, "ನಾನು ಹಾಗೆ ಹುರೀತಾ ಕೂತ್ರೆ ಶೃಂಗೇರಿ ಬಸ್ಸು ಹೋಗಿ ತಿರುಗಿ ಬರ್ತದೆ!" ಎಂದ.

ಎಲ್ಲರೂ ನಕ್ಕರು ನಿಜ. ಆದರೆ ಅವನು ಬಾಯಿ ತೆರೆಯುವ ಮೊದಲೇ ನಗಲು ಶುರು ಮಾಡುತ್ತಿದ್ದವಳು ನಾನು. ಬಾಳೆಹೊನ್ನೂರಿನ ಆಚೆ ಹೋಗದ ನನಗೆ ಅವನು ಅಷ್ಟೆಲ್ಲ ನೋಡಿದ್ದು ಸಹಿಸಲಾಗುತ್ತಿರಲಿಲ್ಲವೋ ಏನೋ. "ರೈಲು ಬಿಡ್ತಾನೆ, ಕೇಳ್ಬೇಡಿ" ಎಂದು ಗಿರಾಕಿಗಳಿಗೂ ಹೇಳುತ್ತಿದ್ದೆ.

ಆಮೇಲೆ ನನ್ನ ಮಗಳನ್ನು ನೋಡಲು ನರಸಿಂಹರಾಜಪುರದಿಂದ ಗಂಡಿನವರು ಬರುವುದೆಂದಾಯಿತು. ಫೋನ್ ಮಾಡುವ ಕೆಲಸ ಅಣ್ಣನಿಗೆ ಬಿಟ್ಟೆ. ಅವನು "ನಾಲ್ಕು ಗಂಟೆಗೆ ಬನ್ನಿ" ಎಂದ. ಅಂದರೆ ಅವನ ಲೆಕ್ಕದಲ್ಲಿ ಬೆಳಿಗ್ಗೆ ಹತ್ತು! ಹತ್ತಕ್ಕೆ ನಾವು ಕಾದೆವು, ಬಿಸಿ ಉಪ್ಪಿಟ್ಟು ಕಲ್ಲಾಯಿತು. ಅವರು ಸಂಜೆ ನಾಲ್ಕಕ್ಕೆ ಬಂದಾಗ ಮಗಳು ಅತ್ತು ಮುಖ ಊದಿಸಿಕೊಂಡಿದ್ದಳು. ಬಸ್ಸು ತಪ್ಪುತ್ತದೆಂದು ಅವರೂ ಬೇಗ ಎದ್ದರು. ಸಂಬಂಧ ಆಗಲಿಲ್ಲ. ಅಣ್ಣ ಕಿವಿ ಹಿಡಿದುಕೊಂಡು ಕ್ಷಮೆ ಕೇಳಿದ. ಇವನಿಗೆ ಒಂದು ಸಲ ಬುದ್ಧಿ ಕಲಿಸಬೇಕು ಎಂದು ನಾನು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ.

ತಿಂಗಳು ಕಳೆಯುವುದರೊಳಗೆ ಶೃಂಗೇರಿಯಿಂದ ಅವನ ಫೋನ್ ಬಂತು.

"ಬಲಗೈಲಿ ಸೌಟು ನಿಲ್ತಾ ಇಲ್ಲ ಕಣೇ. ಜೋಮು ಹಿಡಿದ ಹಾಗೆ ಆಗ್ತದೆ. ನಾಳೆ ಮೂರು ಗಂಟೆಗೆ ಕೊಪ್ಪ ಬಸ್ ಸ್ಟ್ಯಾಂಡಿಗೆ ಬರ್ತೇನೆ. ನೀನೂ ಬಾ, ಡಾಕ್ಟರ ಹತ್ರ ಹೋಗೋಣ. ಒಬ್ಬನಿಗೇ ಹೆದರಿಕೆ ಆಗ್ತದೆ."

"ಮೂರು ಗಂಟೆಗಾ?"

"ಹೌದು, ಮೂರಕ್ಕೆ."

"ಸರಿ, ಮೂರಕ್ಕೇ ಬರ್ತೇನೆ" ಎಂದೆ.

ನಾನು ಎಲ್ಲರಿಗೂ ಹೇಳಿದ್ದು, ಮಧ್ಯಾಹ್ನ ಮೂರು ಅಂದುಕೊಂಡೆ ಎಂದು. ಎಲ್ಲರೂ ನಂಬಿದರು. ಅಂಥ ಗಡಿಯಾರ ಕಟ್ಟಿಕೊಂಡವನದೇ ತಪ್ಪು ಎಂದರು. ಸುಳ್ಳು. ನನಗೆ ಗೊತ್ತಿತ್ತು. ಅವನ ಮೂರು ಎಂದರೆ ಬೆಳಿಗ್ಗೆ ಒಂಬತ್ತು ಎಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಒಂಬತ್ತಕ್ಕೆ ಶೃಂಗೇರಿ ಬಸ್ಸಿನ ಹಾರನ್ನು ಕೂಡ ಕೇಳಿಸಿತು. ಕೂತಿರಲಿ, ಕಾಯುವುದೆಂದರೆ ಏನೆಂದು ತಿಳಿಯಲಿ ಎಂದುಕೊಂಡು ಮಿಷನ್ ತುಳಿಯುತ್ತ ಕೂತೆ. ಬಸ್ ಸ್ಟ್ಯಾಂಡಿಗೆ ಐದು ನಿಮಿಷದ ದಾರಿ.

ಶೇಷಣ್ಣ ಅವನನ್ನು ಎರಡು ಸಲ ಕರೆದನಂತೆ. "ತಂಗಿ ಅಂಗಡಿಗೆ ಬಿಟ್ಟು ಬರ್ತೇನೆ ಬಾ ಮಾರಾಯ, ನಿನ್ನ ಟೈಮು ಅವಳಿಗೆಲ್ಲಿ ತಿಳೀತದೆ?" ಅಣ್ಣ ಬೆಂಚು ಬಿಟ್ಟು ಏಳಲಿಲ್ಲವಂತೆ. "ಇಡೀ ಊರಲ್ಲಿ ನನ್ನ ಗಂಟೆ ಗೊತ್ತಿರೋದು ಅವಳಿಗೆ ಒಬ್ಬಳಿಗೇ. ಬಂದೇ ಬರ್ತಾಳೆ" ಎಂದನಂತೆ.

ಹನ್ನೆರಡರ ಹೊತ್ತಿಗೆ ಶೇಷಣ್ಣ ಅಂಗಡಿಗೆ ಓಡಿ ಬಂದ. ಅಣ್ಣ ಬೆಂಚಿನಿಂದ ಕೆಳಗೆ ಬಿದ್ದಿದ್ದ, ಬಾಯಿ ಒಂದು ಕಡೆಗೆ ವಾಲಿತ್ತು. "ಬೆಳಿಗ್ಗೆಯೇ ಕರೆತಂದಿದ್ದರೆ" ಎಂದು ಶುರು ಮಾಡಿದ ಡಾಕ್ಟರು ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಆಮೇಲೆ ದೊಡ್ಡಾಸ್ಪತ್ರೆಯಲ್ಲಿ ಮೂರು ವಾರ. ಜೀವ ಉಳಿಯಿತು. ಬಲಗೈ ಹೋಯಿತು. ಮಾತು ಪೂರ್ತಿ ಹೋಯಿತು. ಮಾತೇ ಆಸ್ತಿಯಾಗಿದ್ದವನ ಮಾತು!

ಈಗ ಅವನು ನನ್ನ ಜೊತೆಗೇ ಇದ್ದಾನೆ. ಹಗಲೆಲ್ಲ ಅಂಗಡಿಯ ಕುರ್ಚಿಯಲ್ಲಿ ಕೂರುತ್ತಾನೆ. ಎಲ್ಲ ಅರ್ಥವಾಗುತ್ತದೆ, ಹೇಳಲಾಗುವುದಿಲ್ಲ. ಮೊನ್ನೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಡೆಯಲಾಗದೆ ಅವನ ಕಾಲ ಹತ್ತಿರ ಕೂತು ಹೇಳಿಬಿಟ್ಟೆ. "ಅಣ್ಣ, ಅವತ್ತು ನಂಗೆ ಗೊತ್ತಿತ್ತು. ಗೊತ್ತಿದ್ದೇ ಬರ್ಲಿಲ್ಲ." ಅವನು ನನ್ನನ್ನೇ ನೋಡಿದ. ಆಮೇಲೆ ರಸ್ತೆಯ ಕಡೆ ಮುಖ ತಿರುಗಿಸಿದ. ಎರಡು ದಿನ ನಾನು ಕಲಸಿಕೊಟ್ಟ ಅನ್ನಕ್ಕೆ ಬಾಯಿ ತೆರೆದ, ನನ್ನ ಕಡೆ ಮಾತ್ರ ನೋಡಲಿಲ್ಲ.

ಮೂರನೆಯ ದಿನ ಕೊಪ್ಪದ ಪಕ್ಕದ ನಾರ್ವೆ ಎಂಬ ಹಳ್ಳಿಯ ಒಬ್ಬ ಹೆಂಗಸು ರವಿಕೆಯ ಅಳತೆ ಕೊಡಲು ಬಂದಳು. "ಇವರೇ ಅಲ್ವಾ ಆಫ್ರಿಕಕ್ಕೆ ಹೋಗಿದ್ದು? ಎಂತ ಉಂಟಂತೆ ಅಲ್ಲಿ?" ಎಂದಳು. ನಾನು ಟೇಪು ಕೆಳಗಿಟ್ಟು ಲಾಲಿಬೆಲದ ಕಥೆ ಹೇಳಿದೆ. ಬಂಡೆ, ಮಾಡು, ಕಾಲುವೆ, ಬಿಳಿ ಶಾಲಿನ ಜನ, ಯಾವುದನ್ನೂ ಬಿಡಲಿಲ್ಲ.

"ಅಂಥ ಗುಡಿ ಎಷ್ಟು ಉಂಟು?" ಎಂದು ಕೇಳಿದಳು.

"ಹತ್ತು" ಎಂದೆ.

ಅಣ್ಣ ಅಲುಗಾಡಲಿಲ್ಲ.

"ಹತ್ತೇ ಹತ್ತು. ನಮ್ಮಣ್ಣ ಎಣಿಸಿ ಬಂದಿದ್ದಾನೆ" ಎಂದು ಜೋರಾಗಿ ಹೇಳಿದೆ.

ಕುರ್ಚಿ ಕಿರುಗುಟ್ಟಿತು. ಅವನ ಎಡಗೈ ಮೇಲೆದ್ದಿತು. ಐದು ಬೆರಳು ಬಿಡಿಸಿದ. ಮಡಿಚಿ, ಮತ್ತೆ ಐದು ಬಿಡಿಸಿದ. ಆಮೇಲೆ ಒಂದೇ ಬೆರಳು ಎತ್ತಿ, ಸಿಟ್ಟಿನಿಂದ ನನ್ನ ಮುಖವನ್ನೇ ನೋಡುತ್ತ ಹಿಡಿದುಕೊಂಡ. "ಹನ್ನೊಂದು ಅಣ್ಣ, ಹನ್ನೊಂದು" ಎಂದು ನಾನು ಹೇಳುವ ತನಕ ಇಳಿಸಲೇ ಇಲ್ಲ.