ಮಾರೋದಲ್ಲ, ಬಡಿದು ಕೊಡೋದು

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ಹಾಲು ಕಾಯಿಸಿದೆ, ಸ್ವಲ್ಪ ಉಕ್ಕಿಸಿಯೂ ಬಿಟ್ಟೆ. ಸೊಕ್ಕೆ ಊರಿನಿಂದ ತರಿಸಿದ ಜೋಳದ ಹಿಟ್ಟು ಜರಡಿ ಹಿಡಿದು, ಎಸರಿಟ್ಟು, ಕೆಲಸಕ್ಕೆ ಬರುವ ಗಂಗಮ್ಮನ ಜೊತೆ ಕೂತು ರೊಟ್ಟಿ ಬಡಿದೆ. ಮದುವೆಮನೆಗೆ ಹೋಗಬೇಕಾದ ಖಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಟ್ಟೆ. ಇಷ್ಟಾದ ಮೇಲೆ, ನಮ್ಮ ಸೊಸೆ ಮನೆಯಲ್ಲೇ ಇರುತ್ತಾಳೆ, ಏನೂ ಮಾಡುವುದಿಲ್ಲ ಎಂದು ಅತ್ತೆ ವಿಮೆಯವರ ಮುಂದೆ ಹೇಳಿದರು. ಅದೂ ಅಭಿಮಾನದಿಂದ.

ಅತ್ತೆ ಸುಳ್ಳು ಹೇಳುವವರಲ್ಲ. ಅನ್ನ ಮಾರಬಾರದು ಎಂದು ನಂಬಿದವರು. ಜಗಳೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಗ್ಯಾಸ್ ಒಲೆಗಳು ಸಾಲಾಗಿ ಕೂತು, ಹಿಟ್ಟಿನ ಚೀಲಗಳು ಕಿಟಕಿಯವರೆಗೆ ಬಂದರೂ ನಮ್ಮಲ್ಲಿ ರೊಟ್ಟಿ 'ಮಾರುವುದಿಲ್ಲ', 'ಬಡಿದು ಕೊಡುತ್ತೇವೆ'. ತೆಗೆದುಕೊಳ್ಳುವುದು ರೇಟಲ್ಲ, 'ಹಿಟ್ಟಿನ ಖರ್ಚು'. ನನಗೂ ಇದು ರೂಢಿಯಾಗಿ, ಯಾರಾದರೂ ಏನು ಮಾಡುತ್ತೀರಿ ಎಂದರೆ ಮನೆಯಲ್ಲೇ ಇರುತ್ತೇನೆ ಎನ್ನುತ್ತೇನೆ. ಒಲೆ ಬಿಟ್ಟು ಏಳಲಾಗದವಳು ಇನ್ನೆಲ್ಲಿರಲು ಸಾಧ್ಯ?

ಮೊನ್ನೆ ಒಲೆಯ ಉರಿ ಬಾಗಿಲ ಪರದೆಗೆ ತಗುಲಿತು. ಸುಟ್ಟಿದ್ದು ಪರದೆ ಮಾತ್ರ. ಆದರೆ ಅದರ ಮೇಲಿನ ತೊಲೆ ಕಪ್ಪಾದದ್ದನ್ನು ನೋಡಿ ಯಜಮಾನರು ಹೆದರಿ, ವಿಮೆ ಮಾಡಿಸುವ ದೂರದ ಸಂಬಂಧಿ ಬಸಣ್ಣನನ್ನು ಕರೆಸಿದರು. ಮನೆಯಲ್ಲಿ ಏನಾದರೂ ವ್ಯಾಪಾರ ಉಂಟೇ ಎಂದು ಆತ ಕೇಳಿದ್ದಕ್ಕೇ ಅತ್ತೆಯ ಆ ಉತ್ತರ. ಬಸಣ್ಣ 'ಇಲ್ಲ' ಎಂದು ಬರೆಯುವಷ್ಟರಲ್ಲಿ ಪಡಸಾಲೆಯಿಂದ ಗಂಗಮ್ಮನ ಪಟಪಟ ಸದ್ದು ಕೇಳಿತು. ಬಗ್ಗಿ ನೋಡಿದ.

"ದೊಡ್ಡಮ್ಮ, ಮನೆಯಾಗೆ ಎಷ್ಟು ಜನ ಅದೀರಿ?"

"ಮೂರು ಜನ, ತಮ್ಮಾ."

"ಇಷ್ಟು ರೊಟ್ಟಿ ಮೂರೇ ಜನ ತಿಂತೀರೇನು?"

"ಬಂದೋರಿಗೆ ಬಡಿದು ಕೊಡ್ತೀವಪ್ಪ."

ಬಸಣ್ಣ ಪೆನ್ನು ಕೆಳಗಿಟ್ಟ. ಬರೀ ವಾಸದ ಮನೆ ಎಂದು ಬರೆಸಿ, ನಾಳೆ ಇದೇ ಒಲೆಯಿಂದ ಬೆಂಕಿ ಬಿದ್ದರೆ, ಮನೆಯಲ್ಲಿ ಕಸುಬಿದ್ದದ್ದನ್ನು ಹೇಳಲಿಲ್ಲವೆಂದು ಕಂಪನಿಯವರು ಕೈ ಎತ್ತಬಹುದು ಎಂದ. ಒಲೆ, ಹಿಟ್ಟು, ಕಟ್ಟಿಟ್ಟ ರೊಟ್ಟಿ ಎಲ್ಲವನ್ನೂ ಬೇರೆಯಾಗಿ ಸೇರಿಸಬೇಕಂತೆ. ಕೊಳ್ಳಲು ಬಂದವರು ಮೆಟ್ಟಿಲ ಮೇಲೆ ಜಾರಿ ಬಿದ್ದರೆ ಅದಕ್ಕೂ ಬೇರೆ ಏರ್ಪಾಡಂತೆ. ಮೆಟ್ಟಿಲಿನ ಮಾತಿಗೆ ಅತ್ತೆಗೆ ಸಿಟ್ಟು ಬಂತು. ಅದು ತಮ್ಮ ಮಾವನವರು ಹಾಕಿಸಿದ್ದು, ಅದರ ಮೇಲೆ ಈವರೆಗೆ ಯಾರೂ ಬಿದ್ದಿಲ್ಲ ಎಂದರು. ಹಬ್ಬದ ದಿನ ಅವರೇ ಅಲ್ಲಿ ಬಿದ್ದ ಮಾತನ್ನು ನಾನು ಎತ್ತಲಿಲ್ಲ. ಅವರನ್ನು ಎತ್ತಿದ್ದೇ ಸಾಕಾಗಿತ್ತು.

ಯಜಮಾನರು ನನ್ನ ಮುಖ ನೋಡಿದರು. ಒಂದು ಕಡೆ ತಲೆಯ ಮೇಲಿನ ಸೂರು, ಇನ್ನೊಂದು ಕಡೆ ಅತ್ತೆಯ ಮಾನ. ನಾನು ಕಪ್ಪಾದ ತೊಲೆಯನ್ನು ನೋಡುತ್ತ ಹೇಳಿಬಿಟ್ಟೆ: "ವ್ಯಾಪಾರ ಅಂತಾನೇ ಬರ್ಕೊ ಬಸಣ್ಣ. ನಾನು ರೊಟ್ಟಿ ಮಾರ್ತೀನಿ."

ಗಂಗಮ್ಮನ ಕೈ ನಿಂತಿತು. ಅತ್ತೆ ಎದ್ದು ಒಳಗೆ ಹೋದರು. ಹಾಗೆ ಹೋಗುವ ಬದಲು ಎರಡು ಬೈಗುಳ ಬೈದಿದ್ದರೆ ವಾಸಿಯಿತ್ತು.

ಬಸಣ್ಣ ಹೊರಡುವಾಗ ವಾಡಿಕೆಯಂತೆ, ಮನೆಗೆ ನಾಲ್ಕು ರೊಟ್ಟಿ ಕೊಡಿ ದೊಡ್ಡಮ್ಮ ಎಂದ. ಅತ್ತೆ ಎಂದೂ ಇಲ್ಲವೆಂದವರಲ್ಲ. ನಮ್ಮ ರಾತ್ರಿ ಊಟಕ್ಕೆಂದು ತೆಗೆದಿಟ್ಟಿದ್ದ ಮೆತ್ತನೆಯ ರೊಟ್ಟಿಗಳನ್ನೇ ಕಟ್ಟಿ ತಂದು ಕೊಟ್ಟರು. ಕೊಟ್ಟ ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ರೊಕ್ಕ ಕೊಡು ತಮ್ಮಾ. ನೀನೇ ಬರ್ಕೊಂಡೀಯಲ್ಲ ವ್ಯಾಪಾರ ಅಂತ. ಇನ್ನು ಪುಕ್ಕಟೆ ಹೆಂಗೆ ಕೊಡಾಕಾಗ್ತೈತೆ?"

ಬಸಣ್ಣ ಕೊಟ್ಟ. ಅತ್ತೆ ಅದನ್ನು ತಮ್ಮ ಎಲೆಅಡಿಕೆಯ ಸಂಚಿಗೆ ಸೇರಿಸಿ ದಾರ ಎಳೆದರು.

ರಾತ್ರಿ ರೊಟ್ಟಿಯ ಮನೆಯಲ್ಲಿ ನಮಗೇ ರೊಟ್ಟಿ ಇರಲಿಲ್ಲ. ಒಗ್ಗರಣೆ ಮಂಡಕ್ಕಿ ತಿಂದೆವು. ಮೆಣಸಿನಕಾಯಿ ಕೊಂಚ ಜಾಸ್ತಿಯಾಗಿತ್ತು. ವ್ಯಾಪಾರಸ್ಥೆ ಎಂದು ಬರೆಸಿಕೊಂಡ ನಾನು ಮಲಗಿದ ಮೇಲೂ ಎದ್ದು ಹೋಗಿ ಸಿಲಿಂಡರ್ ಮುಟ್ಟಿ ನೋಡಿಬಂದೆ. ಮೊದಲು ನಿದ್ದೆ ಹೋದವರು ವ್ಯಾಪಾರ ಮಾಡಿದ ಅತ್ತೆ. ಸಂಚಿ ದಿಂಬಿನ ಕೆಳಗಿತ್ತು.