ತುಪ್ಪ ಕುಡಿದ ರಕ್ತ

ನನ್ನ ಮೈಯಾಗ ಆದಂಥಾ ಚಮತ್ಕಾರ ಮತ್ತ್ಯಾರ ಮೈಯಾಗೂ ಆಗಿಲ್ಲ ಬಿಡ್ರಿ. ಒಂದು ಮುಗೀತು ಅನ್ನೂದ್ರಾಗ ಇನ್ನೊಂದು ಸುರು! ನಾ ಸಾಲಿ ಕಲಿತಾಂವಲ್ಲ, ಹೇಳಿದ್ದನ್ನ ಮೊಮ್ಮಗಳು ಬರಕೊಂಡಾಳ. ಆದ್ರ ಸುಳ್ಳು ಅನ್ನೂದು ನನ್ನ ನಾಲಿಗಿಗೆ ಗೊತ್ತಿಲ್ಲ.

೧. ಕುಣಿಯೋ ತೊಡಿ

ಆಗ ನಮ್ಮ ಕಡೆ ನಿಜಾಮರ ರಾಜ್ಯ. ಕುಷ್ಟಗಿಯಿಂದ ಗಂಗಾವತಿ ತನಕ ನನ್ನ ಹೆಸರು ಕೇಳಿದ್ರ ಪೈಲ್ವಾನರ ಗಂಟಲದಾಗ ನೀರು ಇಳೀತಿರಲಿಲ್ಲ. ಅಂಥಾ ನನಗ ಮೂರು ವರ್ಷದಿಂದ ಚಳಿಜ್ವರ ಗಂಟುಬಿದ್ದಿತ್ತು. ಬರೂದು, ಹೋಗೂದು, ಮತ್ತ ಬರೂದು, ಥೇಟ್ ಬೀಗರಂಗ! ಅದರ ಕೂಡ ಹೊಸಾದೊಂದು ಸುರುವಾತು. ಬಲಗಾಲಿನ ತೊಡಿ ತಾನ ತಾನ ಪಟಪಟ ಕುಣಿಯಾಕ ಹತ್ತಿತು.

ತಾವರಗೇರಾದ ಕುಸ್ತಿ ಕಣದಾಗ ಕೈ ಕೊಡಾಕ ಬಂದ ಎದುರಾಳಿ ನನ್ನ ತೊಡಿ ನೋಡಿ ನಿಂತುಬಿಟ್ಟ. ತೊಡಿ ತಟ್ಟಿದ್ರ ಸವಾಲು ಹಾಕಿದಂಗ. ನಾ ಕೈನ ಹಚ್ಚಿದ್ದಿಲ್ಲ, ತೊಡಿನ ಸವಾಲು ಹಾಕಾಕತ್ತಿತ್ತು!

"ಉಸ್ತಾದ, ಇಂವನ ತೊಡಿಯಾಗ ಬ್ಯಾರೆ ಜೀವ ಐತಿ! ಇಬ್ಬರ ಕೂಡ ನಾ ಒಬ್ಬಾಂವ ಹೆಂಗ ಹಿಡೀಲಿ?" ಅಂತ ತನ್ನ ಗುರುವಿಗೆ ಕೂಗಿ, ಧೋತರ ಬಗಲಾಗ ಇಟಗೊಂಡು ಓಡಿದ. ಯಲಬುರ್ಗಾ ದಾಟಿದ ಮ್ಯಾಲೇ ತಿರುಗಿ ನೋಡ್ಯಾನಂತ!

೨. ಹೆಂಡತಿಯ ಹುಕುಂ

ಖರೆ ಅಂದ್ರ ಆ ತೊಡಿಯಾಗಿನ ಕಸುವು ಕಡಿಮಿ ಆಗಾಕತ್ತಿತ್ತು. ಒಂದು ಬಸ್ಕಿ ಹೊಡದ್ರ ಏಳಾಕ ಮನಿ ಕಂಬ ಹಿಡೀಬೇಕು. ಕನಕಗಿರಿ ಕುಸ್ತಿಗೆ ಹದಿನೈದು ದಿನ ಉಳದಿತ್ತು, ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಆ ಕಂಬಾನ ಹೇಳಿತೇನೋ! ಸಂದೂಕಿಗೆ ಕೀಲಿ ಜಡದು ಅಂದಳು:

"ನಿಮ್ಮ ಕೆಂಪು ಲಂಗೋಟಿ ಇದರಾಗೈತಿ. ರಕ್ತ ಛಲೋ ಐತಿ ಅಂತ ದವಾಖಾನಿ ಡಾಕ್ಟರ್ ಅಂದ್ರ ಕೊಡ್ತೀನಿ. ಇಲ್ಲಂದ್ರ ಕುಸ್ತಿ ಮುಗೀತು."

"ಹುಲಿ ರಕ್ತ ಯಾರರ ನೋಡ್ತಾರೇನ?"

"ಹುಲಿ ಕಂಬ ಹಿಡದು ಏಳಂಗಿಲ್ರಿ."

೩. ಬೆಳ್ಳನ್ನ ರಕ್ತ

ಪರೀಕ್ಷಾ ಅಂದ ಮ್ಯಾಲ ನಾ ಸುಮ್ಮನ ಹೋಗಾಂವಲ್ಲ. ಕುಸ್ತಿಗೆ ತಯಾರಾದಂಗ ರಕ್ತಕ್ಕೂ ತಯಾರಾಗಬೇಕಲ್ರಿ? ನಸುಕಿನ್ಯಾಗ ಎದ್ದು, ಅಡಗಿಮನಿಗೆ ಹೊಕ್ಕು, ಉಪ್ಪಿನಕಾಯಿ ಭರಣಿ ಬದಿಗಿದ್ದ ತುಪ್ಪದ ಗಡಿಗಿ ಎತ್ತಿ ಗಟಗಟ ಕುಡದೆ!

ಕೊಪ್ಪಳದ ದವಾಖಾನ್ಯಾಗ ಡಾಕ್ಟರ್ ಸಾಹೇಬ್ರು ರಕ್ತ ತಗದು ಗಾಜಿನ ನಳಿಗ್ಯಾಗ ಇಟ್ಟರು. ಹೊತ್ತು ಹೋದಂಗ ಕೆಳಗ ಕೆಂಪು, ಮ್ಯಾಲ ಹಾಲಿನಂಗ ಬೆಳ್ಳಗ! ಅವರು ಚಸ್ಮಾ ತಗದು, ಒರಿಸಿ, ಮತ್ತ ಹಾಕ್ಕೊಂಡ್ರು.

"ಇಂಥಾ ರಕ್ತ ನಾ ನೋಡೇ ಇಲ್ಲ!"

ನನ್ನ ಎದಿ ಉಬ್ಬಿತು. "ನಮ್ಮವ್ವ ಎಮ್ಮಿ ಹಾಲು ಕುಡಿಸಿ ಬೆಳಸ್ಯಾಳ್ರಿ. ಇನ್ನೂ ಇಳದಿಲ್ಲ!"

ಕೂಡ ಬಂದಿದ್ದ ಹೆಂಡತಿ ಮುಂದ ಬಂದಳು. "ಸಾಹೇಬ್ರ, ಅದು ಹಾಲಲ್ರಿ, ಹಬ್ಬದ ಹೋಳಿಗಿಗಂತ ಇಟ್ಟ ನನ್ನ ತುಪ್ಪ! ಮೀಸಿ ನೋಡ್ರಿ, ಇನ್ನೂ ಮಿಂಚಾಕತ್ತೈತಿ!"

ಮರುದಿನ ಖಾಲಿ ಹೊಟ್ಟೀಲೆ ರಕ್ತ ಕೊಟ್ಟೆ. ಈ ಸಲ ಪೂರಾ ಕೆಂಪು, ಆದ್ರ ಅದರಾಗ ಚಳಿಜ್ವರ ಠಿಕಾಣಿ ಹೂಡಿತ್ತು. ತೊಡಿ ಯಾಕ ಕುಣಿತೈತಿ ಅನ್ನೂದು ಸಾಹೇಬ್ರಿಗೂ ಹೊಳೀಲಿಲ್ಲ. "ಜ್ವರಕ್ಕ ಕ್ವಿನೈನ್ ಗುಳಗಿ ನುಂಗು. ಈ ವರ್ಷ ಕಣಕ್ಕ ಇಳೀಬ್ಯಾಡ" ಅಂದ್ರು.

ಮನಿಗೆ ಬಂದು ಸಣ್ಣ ದನಿಲೆ ಅಂದೆ, "ಲಂಗೋಟಿ ಕಣ್ಣಿಲೆ ನೋಡರ ನೋಡ್ತೀನಿ, ಸಂದೂಕ ತಗಿ."

"ಸಂದೂಕಿನಾಗ ಎಲ್ಲೈತ್ರಿ? ಅಲ್ಲಿ ನೋಡ್ರಿ!"

ಉಪ್ಪಿನಕಾಯಿ ಭರಣಿಯ ಬಾಯಿಗೆ ನನ್ನ ಕೆಂಪು ಲಂಗೋಟಿ! ತುಪ್ಪದ ಅವಸರದಾಗ ನಾ ಅದನ್ನ ನೋಡೇ ಇರಲಿಲ್ಲ.

"ಯಾವಾಗ ಕಟ್ಟಿದಿ?"

"ನೀವು ಕಂಬ ಹಿಡದ ದಿನಾನ."

ಆದ್ರ ನಾ ಬಿಟ್ಟೇನೇನ್ರಿ? ನನ್ನ ಲಂಗೋಟಿಯ ಕಸುವು ಇಳದ ಆ ಭರಣಿ ಉಪ್ಪಿನಕಾಯಿ ನೆಕ್ಕಿದ ನಮ್ಮ ಓಣಿಯ ಮೂರು ಮಂದಿ ಆ ವರ್ಷ ಕನಕಗಿರಿ ಕುಸ್ತಿ ಗೆದ್ದು ಬಂದ್ರು!